ದುಪಟ್ಟಾದ ತುದಿ

ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಾನು ಅಪರಿಚಿತರಿಗೆ ಧೈರ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಲ್ಲಿ ಇಳಿಯುತ್ತೀರಿ?’ ಮೊದಲು ಕೇಳಿದವಳೇ ಆ ಸೀಟಿನ ವಾರಸುದಾರಳು. ಸೀಟಿನ ಆಸೆಯಷ್ಟು ಜಾತ್ಯತೀತವಾದದ್ದು ಈ ಊರಲ್ಲಿ ಇನ್ನೊಂದಿಲ್ಲ.

ಅದರಾಚೆಗೆ ನನ್ನ ವಿದ್ಯೆ ಅಡ್ಡ ಬರುತ್ತದೆ. ಸಮಾಜಶಾಸ್ತ್ರದ ಎಂ.ಎ. ನಾನು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಉತ್ತರವನ್ನು ನಾನೇ ಬರೆದು, ಅದಕ್ಕೆ ನೊಂದುಕೊಂಡೂ ಮುಗಿಸಿರುತ್ತೇನೆ.

ಹೋದ ವಾರ ಭಾಂಡುಪ್‌ನಿಂದ ಮಾಟುಂಗಕ್ಕೆ ಹೊರಟಿದ್ದೆ, ಸಂಘವೊಂದರಲ್ಲಿ ಸೌಹಾರ್ದದ ಬಗ್ಗೆ ನಾಲ್ಕು ಮಾತಾಡಲು. ಸೀಟು ಸಿಕ್ಕಿತ್ತು. ಬಾಗಿಲಲ್ಲಿ ಬುರ್ಖಾದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ದುಪಟ್ಟಾದ ತುದಿ ಹೊರಗೆ ಹಾರುತ್ತಿತ್ತು. ವಿಕ್ರೋಲಿಯಿಂದಲೇ ನೋಡಿದ್ದೆ. ‘ಒಳಗೆಳೆದುಕೊಳ್ಳಮ್ಮ’ ಎನ್ನಲು ಎಷ್ಟು ಹೊತ್ತು? ಆದರೆ ಕುಂಕುಮದವಳು ಬುರ್ಖಾದವಳ ಬಟ್ಟೆಯ ಮಾತೆತ್ತಿದರೆ ಅವಳೇನೆಂದುಕೊಂಡಾಳು? ಯಾರಿಗೂ ನೋವಾಗದ ವಾಕ್ಯವೊಂದನ್ನು ಹುಡುಕುತ್ತ ಕೂತೆ. ವಾಕ್ಯಕ್ಕಿಂತ ಮೊದಲು ಘಾಟ್‌ಕೋಪರ್ ಬಂತು.

ಗಾಡಿ ಇನ್ನೂ ನಿಂತಿರಲಿಲ್ಲ. ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಯಾರದೋ ಬ್ಯಾಗಿನ ಕೊಂಡಿಗೆ ದುಪಟ್ಟಾ ಸಿಕ್ಕಿತು. ಹುಡುಗಿಯ ಕತ್ತು ಹಿಂದಕ್ಕೆ ಬಾಗಿತು, ಒಂದು ಕಾಲು ಹೊರಗೆ ಹೋಯಿತು. ಬಿಳಿ ಚಪ್ಪಲಿಯೊಂದು ಹಳಿಗೆ ಬಿದ್ದದ್ದು ಈಗಲೂ, ಹಾಲು ಕಾಯಿಸುತ್ತ ನಿಂತಾಗಲೂ, ಕಾಣುತ್ತದೆ. ಹೇರ್‌ಕ್ಲಿಪ್ ಮಾರುವ ಹೆಂಗಸು ಸರಕು ಬಿಸಾಕಿ, ಅವಳ ಸೊಂಟ ಹಿಡಿದು ಒಳಗೆಳೆದಳು.

‘ಮರನಾ ಹೈ ಕ್ಯಾ, ಮಹಾರಾಣಿ? ಝಂಡಾ ಅಂದರ್ ರಖ್.’ ಸಾಯಬೇಕೇನು, ನಿನ್ನ ಬಾವುಟ ಒಳಗಿಟ್ಟುಕೋ ಎಂದು ಬೈದಳು.

ಹುಡುಗಿ ಅವಳನ್ನೇ ತಬ್ಬಿಕೊಂಡು ಅತ್ತಳು. ಆಮೇಲೆ ನನ್ನತ್ತ ತಿರುಗಿದಳು. ‘ಆಂಟಿ, ಆಪ್ ಕಬ್ ಸೇ ದೇಖ್ ರಹೀ ಥೀ. ಮುಝೇ ಲಗಾ, ಬುರ್ಖಾ ದೇಖ್ ರಹೀ ಹೈಂ.’ ಅಷ್ಟು ಹೊತ್ತಿನಿಂದ ನಾನು ನೋಡುತ್ತಿದ್ದದ್ದು ತನ್ನ ಬುರ್ಖಾವನ್ನು ಎಂದುಕೊಂಡು, ಆ ನೋಟಕ್ಕೆ ಅಂಜಿಯೇ ಒಳಗೆ ಬಾರದೆ ಬಾಗಿಲಲ್ಲಿ ನಿಂತಿದ್ದಳಂತೆ.

ಸಂಘದಲ್ಲಿ ವಿಜಯಪುರದ ಸರೋಜಕ್ಕನಿಗೆ ಇದನ್ನು ಹೇಳಿದೆ. ‘ನೀವು ಸುಮ್ನಿದ್ದದ್ದ ಛಲೋ ಆತು ನೋಡ್ರಿ. ಅವರಿಗೆ ಏನರೆ ಹೇಳಿದ್ರ ತಿರುಗಿ ಬೀಳ್ತಾರ.’

‘ಎಂದಾದರೂ ಹೇಳಿ ನೋಡೀರೇನು?’

‘ಹೇಳೋದ್ಯಾಕ್ರಿ, ಗೊತ್ತ ಐತಲ್ಲ.’

ನಗಲು ನನಗೆ ಯೋಗ್ಯತೆಯಿರಲಿಲ್ಲ. ಭಾಷಣ ಮಾಡಿದೆ, ಚಪ್ಪಾಳೆಯೂ ಬಿತ್ತು.

ಅಲ್ಲಿ ಹೇಳದೆ ಉಳಿಸಿಕೊಂಡದ್ದು ಇಷ್ಟು. ಒಂಟಿ ಚಪ್ಪಲಿಯಲ್ಲಿ ನಿಂತಿದ್ದವಳಿಗೆ ಎದ್ದು ಸೀಟು ಕೊಟ್ಟೆ. ‘ಕಹಾಂ ಉತರೇಂಗೀ?’ ಎಂದು, ಎಲ್ಲಿ ಇಳಿಯುತ್ತೀರೆಂಬ ನನ್ನದೇ ಪ್ರಶ್ನೆ ಕೇಳಿದಳು. ಮಾಟುಂಗ ಇನ್ನೂ ನಾಲ್ಕು ಸ್ಟೇಷನ್ ದೂರವಿತ್ತು. ಮುಂದಿನ ಸ್ಟೇಷನ್ನೇ ಎಂದು ಸುಳ್ಳು ಹೇಳಿ, ಔದಾರ್ಯದಿಂದ ಬೀಗುತ್ತ ಬಾಗಿಲ ಬಳಿ ಹೋಗಿ ನಿಂತೆ. ಗಾಡಿ ಹೊರಟು ಅರೆ ನಿಮಿಷವಾಗಿರಲಿಲ್ಲ. ಯಾವ ವಾಕ್ಯವನ್ನೂ ಹುಡುಕದೆ ಆ ಹುಡುಗಿ ಕೂತಲ್ಲಿಂದಲೇ ಕೂಗಿದಳು:

‘ಆಂಟಿ, ಪಲ್ಲೂ ಅಂದರ್.’

ನನ್ನ ಸೆರಗು ಹೊರಗೆ ಹಾರುತ್ತಿತ್ತು.