ಅಪ್ಪ ಊದಿದ ಹಾಯಿ

ಆಗೆಲ್ಲ ದಾದರಿನ ನಮ್ಮ ಚಾಳಿನಲ್ಲಿ ಯಾರು ಪಾಳಿ ಮುಗಿಸಿ ಬಂದರು ಎನ್ನುವುದು ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು. ಚಾಳಿನ ತುಂಬ ಬಟ್ಟೆ ಗಿರಣಿಯ ಕೆಲಸಗಾರರೇ. ಹತ್ತಿಯ ಧೂಳು ಎಲ್ಲರ ಎದೆಯಲ್ಲೂ ಇತ್ತು. ಅಪ್ಪನ ಕೆಮ್ಮು ಮೆಟ್ಟಿಲ ಬುಡದಲ್ಲಿ ಕೇಳಿಸಿದರೆ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ಅವನು ಮೂರನೆಯ ಮಾಳಿಗೆಯ ನಮ್ಮ ಖೋಲಿ ಮುಟ್ಟುವಷ್ಟರಲ್ಲಿ ಚಹಾ ಆರಿರುತ್ತಿತ್ತು.

ಅಪ್ಪ ಗುಳೇದಗುಡ್ಡದ ನೇಕಾರ. ಮುಂಬಯಿಗೆ ಬರುವ ತನಕ ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಆದರೂ ರಜೆ ಸಿಕ್ಕರೆ ನನ್ನನ್ನು ಕರೆದುಕೊಂಡು ದಾರುಖಾನಾದ ಧಕ್ಕೆಗೆ ಹೋಗಿ ಹಾಯಿ ಹಡಗುಗಳನ್ನು ನೋಡುತ್ತ ನಿಲ್ಲುವನು.

"ನಾವು ನೇಯ್ದದ್ದು ಮಂದಿ ಮೈಮ್ಯಾಲ ಹರದು ಹೋಗತೈತಿ. ಈ ಅರಿವಿ ನೋಡವಾ, ಗಾಳಿ ಹಿಡದು ದರ್ಯಾ ದಾಟಸ್ತೈತಿ," ಎನ್ನುತ್ತಿದ್ದ.

ನೋಡಿದ್ದನ್ನು ಮನೆಯಲ್ಲಿ ಮೊಳದುದ್ದ ಮಾಡುವ ಹುಚ್ಚು ಅವನಿಗೆ ಹಿಡಿಯಿತು. ಹಣ್ಣಿನ ಪೆಟ್ಟಿಗೆಯ ಹಲಗೆ ಕೆತ್ತಿ ಹಡಗಿನ ಒಡಲು, ಬಿದಿರು ಹೆರೆದು ಹಾಯಿಕಂಬ. ಹಗ್ಗಗಳಿಗೆ ಮೇಣಬತ್ತಿಗೆ ತಿಕ್ಕಿದ ನೂಲು. ಅವು ಓಡುವ ರಾಟೆಗಳ ಜಾಗದಲ್ಲಿ ಅವ್ವನ ಹರಿದ ಸರದ ಮಣಿಗಳು. ಗಂಟು ಮಾತ್ರ ಖಲಾಸಿಗಳದಲ್ಲ, ಮಗ್ಗದ ಮೇಲೆ ಹರಿದ ಎಳೆಗೆ ಹಾಕುವ ನೇಕಾರರ ಗಂಟು, ಎಳೆದಷ್ಟೂ ಬಿಗಿಯುವಂಥದು. ನನ್ನ ಬೆರಳು ಸಣ್ಣವೆಂದು ಒಳಗಿನ ಗಂಟುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ಕೊನೆಗೆ ಹಾಯಿ. ಅದು ಅಪ್ಪನದೇ ಕೆಲಸ. ತೆಳು ಮಲ್‌ಮಲ್ ತುಂಡನ್ನು ಅನ್ನದ ಗಂಜಿಯಲ್ಲಿ ಅದ್ದಿ, ಅಡ್ಡಕೋಲಿಗೆ ಕಟ್ಟಿ, ಸ್ಟವ್ವಿನ ಕಾವಿಗೆ ಹಿಡಿದು ಹಿಂದಿನಿಂದ ಊದುತ್ತಿದ್ದ. ಬಟ್ಟೆ ಉಬ್ಬುವುದು, ಒಣಗುವ ತನಕ ಬಿಡದೆ ಊದಬೇಕು. ಒಣಗಿದ ಮೇಲೆ ಉಬ್ಬು ಹಾಗೇ ನಿಲ್ಲುತ್ತಿತ್ತು. ಎಲೆ ಅಲುಗದ ಸೆಕೆಯಲ್ಲೂ ನಮ್ಮ ಕಪಾಟಿನ ಮೇಲಿನ ಹಡಗಿಗೆ ಗಾಳಿಯ ಬರವಿರಲಿಲ್ಲ.

ಒಂದು ವರ್ಷ ಚಾಳಿನ ಗಣಪತಿಯ ಮುಂದೆ ಇಡಲು ಒಂದು ಹಡಗು ಬೇಕೆಂದು ಮಂಡಳಿಯವರು ಕೇಳಿದರು. ಅಪ್ಪ ಮೂರು ಕಂಬದ ದೊಡ್ಡ ಹಡಗಿಗೆ ಕೈಹಾಕಿದ. ಒಂದೊಂದು ಹಾಯಿ ಊದಿದ ಮೇಲೂ ಗೋಡೆಗೆ ಒರಗಿ ಕೂರುತ್ತಿದ್ದ. ತುಟಿ ನೀಲಿಗಟ್ಟುತ್ತಿತ್ತು.

"ನಾ ಊದ್ಲೇನಪ್ಪಾ?"

"ಬ್ಯಾಡವಾ. ಇದೊಂದು ನಂದ ಇರಲಿ."

ಕೊನೆಯ ಹಾಯಿ ಒಣಗಿದ ವಾರವೇ ಉಸಿರು ಸಿಗದೆ ಆಸ್ಪತ್ರೆ ಸೇರಿದ.

ಹಬ್ಬ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಹಡಗಿನ ಹಾಯಿಗಳು ಗ್ಯಾಲರಿಯ ತಂತಿಯ ಮೇಲೆ, ನನ್ನ ಲಂಗದ ಪಕ್ಕ, ಜೋತುಬಿದ್ದು ಒಣಗುತ್ತಿದ್ದವು.

"ಏನ್ ಮಾಡಿದಿ ಅವ್ವಾ?"

"ಬಾಯಿಲೆ ಊದಿದ್ದು, ಎಂಜಲ ಆಗಿರತೈತಿ. ದೀಪಾನೂ ಬಾಯಿಲೆ ಊದಿ ಆರಸಂಗಿಲ್ಲ ನಾವು. ಎಂಜಲದ್ದು ದೇವರ ಮುಂದ ಇಟ್ಟರ ನಿಮ್ಮಪ್ಪಗ ಹೆಂಗ ಛಲೋ ಆದೀತು? ಅದಕ್ಕ ಗಂಟು ಕತ್ತರಿಸಿ ತಗದು, ಗಂಜಿ ಬಿಡಿಸಿ ತೊಳದು ಮಡಿ ಮಾಡೀನಿ."

ಸಾಲದ್ದಕ್ಕೆ ಇಸ್ತ್ರಿಯನ್ನೂ ಹಾಕಿದಳು. ಗಂಡನ ಉಸಿರು ಉಳಿಯಲೆಂದು ಆ ಉಸಿರನ್ನೇ ತೊಳೆದು ಹಾಕಿದ್ದಳು. ನಾನು ಸಿಟ್ಟಿನಿಂದ ಅತ್ತುಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಚೌತಿಯ ಹಿಂದಿನ ದಿನ ಅಪ್ಪನನ್ನು ಮನೆಗೆ ಕಳಿಸಿದರು. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಕಳಿಸಿದ್ದು. ಗುಣವಾಗಿದೆಯೆಂದು ನಾವು ತಿಳಿದೆವು. ಅಪ್ಪ ಮಡಿಸಿಟ್ಟ ಹಾಯಿಗಳನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಅವ್ವ ಒಳ್ಳೆಯ ಮಾತಿಗೆ ಕಾದು ಬಾಗಿಲಲ್ಲಿ ನಿಂತಿದ್ದಳು.

"ಭಾಳ ಬೆಳ್ಳಗ ಒಗದೀ," ಎಂದ.

ಅವಳು ನೀರು ತರಲು ಹೋದಾಗ ನನ್ನಿಂದ ಗಂಜಿ ತರಿಸಿದ. ಒಂದು ಹಾಯಿ ಅದ್ದಿ ಕಾವಿಗೆ ಹಿಡಿದು ಊದಿದ. ಬಟ್ಟೆ ಚೂರು ಅಲುಗಿತು, ಅಷ್ಟೆ. ಮತ್ತೆ ಊದಲು ಹೋದರೆ ಕೆಮ್ಮು ಒತ್ತರಿಸಿತು. ನಾನು ಊದಲು ಮುಂದಾದೆ. ಅಪ್ಪ ನನ್ನ ಬಾಯಿಯ ಮೇಲೆ ಕೈಯಿಟ್ಟ.

"ಬ್ಯಾಡ. ಮತ್ತ ತೊಳಿಬೇಕಾಗತೈತಿ ಅಕಿಗೆ." ದಮ್ಮು ಹಿಡಿದು ಅಂದ: "ಈ ಹಡಗ ಬಂದರಕ್ಕ ಬಂದೈತಿ ಅನ್ನೂಣು. ಬಂದರದಾಗ ಹಾಯಿ ಸುತ್ತಿ ಇಡತಾರ. ದಾರುಖಾನಾದಾಗ ನೋಡಿಲ್ಲೇನು?"

ಇಬ್ಬರೂ ಸೇರಿ ಹಾಯಿಗಳನ್ನು ಸುತ್ತಿ ಅಡ್ಡಕೋಲುಗಳಿಗೆ ಅದೇ ನೇಕಾರರ ಗಂಟು ಹಾಕಿ ಕಟ್ಟಿದೆವು. ಗಣಪತಿಯ ಮುಂದೆ ಹಡಗು ನೋಡಿ ಜನ ಮೆಚ್ಚಿಕೊಂಡರು; ಹಾಯಿ ಯಾಕೆ ಬಿಚ್ಚಿಲ್ಲವೆಂದು ಯಾರೂ ಕೇಳಲಿಲ್ಲ. ಗಣಪತಿ ನೀರಿಗೆ ಹೋಗುವ ಮೊದಲೇ ಅಪ್ಪ ಹೋಗಿಬಿಟ್ಟ.

ಪಾಳಿಯ ಹೊತ್ತಿಗೆ ಕೂಗುತ್ತಿದ್ದ ಗಿರಣಿಯ ಭೋಂಗಾ ನಿಂತು ವರ್ಷಗಳಾದವು. ಚಾಳಿದ್ದಲ್ಲಿ ಬಿಲ್ಡಿಂಗ್ ಎದ್ದಿದೆ. ಧಕ್ಕೆಯಲ್ಲಿ ಹಾಯಿ ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ಮಡಿಯಾದ ಹಡಗು ದೇವರ ಮುಂದಿದ್ದುದರಿಂದಲೇ ಗಂಡ ಹೆಚ್ಚು ನರಳದೆ ಹೋದನೆಂದು ಅವ್ವ ಕೊನೆಯ ತನಕ ನಂಬಿದ್ದಳು.

ಹಡಗು ಈಗ ಮಲಾಡಿನ ನನ್ನ ಮನೆಯಲ್ಲಿದೆ. ಮೊಮ್ಮಗ ಆಗಾಗ, "ಅಜ್ಜಿ, ಇದನ್ನ ಖೋಲು ನಾ," ಎಂದು ಹಾಯಿ ಬಿಚ್ಚಲು ಕಾಡುತ್ತಾನೆ. ನೇಕಾರರ ಗಂಟು ಬಿಚ್ಚುವ ಗಂಟಲ್ಲ, ಕತ್ತರಿಸಬೇಕು. ಕತ್ತರಿಸಿದರೂ ಒಳಗೆ ಅಪ್ಪನದೇನೂ ಸಿಗುವುದಿಲ್ಲ. ಅವ್ವ ಅಷ್ಟು ಚೆನ್ನಾಗಿ ತೊಳೆದಿದ್ದಳು.