ಬಲಕ್ಕೆ ಎಳೆಯುತ್ತಿದ್ದ ಕಾರು

ತಿಕೋಟಾದ ಟೈರ್ ಅಂಗಡಿಯಲ್ಲಿ ಸುಮ್ಮನೆ ಕೂರಲಾಗದೆ ಚಡಪಡಿಸುತ್ತಿದ್ದೆ. ಆಫೀಸಿನ ಕೆಲಸಕ್ಕೆಂದು ಹೊರಟವನನ್ನು ಸ್ಟೇರಿಂಗಿನ ನಡುಕ ಇಲ್ಲಿ ಇಳಿಸಿತ್ತು. "ಗಾಳಿ ನೋಡಿ ಬಿಟ್ಟುಬಿಡ್ರಿ, ಲಗೂನ" ಎಂದರೆ ಮಿಸ್ತ್ರಿ ಕಿವಿಗೇ ಹಾಕಿಕೊಳ್ಳಲಿಲ್ಲ. ಎಡಗಡೆಯ ಮುಂದಿನ ಗಾಲಿ ಬಿಚ್ಚಿ ನನ್ನೆದುರು ಉರುಳಿಸಿದ.

"ಒಳಗಿನ ಅಂಚಿಗೆ ಕೈ ಹಾಕ್ರಿ ಸಾಹೇಬ್ರ."

ಹಾಕಿದೆ. ರಬ್ಬರು ಸವೆದು ಹೊರಬಂದಿದ್ದ ತಂತಿ ಚುಚ್ಚಿತು. ಹೊರಗಿನ ಅಂಚು ಹೊಸದರಂತೆಯೇ ಇತ್ತು. ದಿನವೂ ಕಾರು ಒರೆಸುತ್ತಿದ್ದ ನಾನು ಒಮ್ಮೆಯೂ ಬಗ್ಗಿ ಒಳಗೆ ನೋಡಿದವನಲ್ಲ.

ಅವನು ಯಂತ್ರದ ಪರದೆ ತೋರಿಸಿದ. ಗಾಲಿಯ ತಲೆ ಒಳಕ್ಕೆ ವಾಲಿತ್ತು. ಆ ವಾಲುವಿಕೆಗೆ ಕ್ಯಾಂಬರ್ ಅನ್ನುತ್ತಾರಂತೆ. "ಎಡಗಾಲಿ ಹಿಂಗ ವಾಲಿದ್ರ ಒಳಗಿನ ಅಂಚು ಸವೀತೈತ್ರಿ, ಗಾಡಿ ಬಲಕ್ಕ ಎಳೀತೈತಿ. ಎಲ್ಲೆರೆ ತೆಗ್ಗಿನ್ಯಾಗ ಇಳಿಸಿದ್ರೇನು?"

ಇಳಿಸಿದ್ದೆ. ಜೈನಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ಹೋಗಿ ಎಡಗಾಲಿ ಡಾಂಬರಿನ ಅಂಚಿನಿಂದ ಧಡ್ಡನೆ ಬಿದ್ದಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡು ಎದುರಿಗೆ ಬಂದರೆ ನಮ್ಮ ಕಡೆ ಎಲ್ಲರೂ ಇಳಿಸುತ್ತೇವೆ, ಮತ್ತೆ ಏರಿಸಿ ಮರೆತುಬಿಡುತ್ತೇವೆ.

"ಬಲಕ್ಕ ಎಳ್ಯಾಕತ್ತಿದ್ದು ನಿಮಗ ಗೊತ್ತಾಗ್ಲಿಲ್ಲೇನ್ರಿ?"

ನನಗೆ ಗೊತ್ತಾಗಿರಲಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ ತಾನೇ ಎಡಕ್ಕೆ ಹಿಡಿದು ಸರಿದೂಗಿಸುತ್ತಿತ್ತು. ಗೊತ್ತಾಗಿದ್ದು ನನ್ನ ಹೆಂಡತಿಗೆ. ಬಬಲೇಶ್ವರದ ಸಾಲೆಯಲ್ಲಿ ಪಾಠ ಹೇಳುವ ಅವಳು, ತಾನೇ ಕಾರು ಹೊಡೆದುಕೊಂಡು ಹೋಗಬೇಕೆಂದು ಐವತ್ತರ ಹತ್ತಿರ ಕಲಿಯಲು ಕೂತಿದ್ದಳು.

"ಗಾಡೀನ ಬಲಕ್ಕ ಹೊಂಟೈತ್ರಿ" ಎಂದಿದ್ದಳು, ಒಂದಲ್ಲ ಹತ್ತು ಸಲ.

"ಗಾಡಿ ಅಲ್ಲ, ನಿನ್ನ ಕೈ ಹೊಂಟೈತಿ! ಎದುರಿನ ಲಾರಿಗೆ ಹೊಡದು ಸಾಯಸ್ತಿ ಏನ?"

ಭೂತನಾಳದ ರಸ್ತೆಯಲ್ಲಿ, ಅವಳ ಜೊತೆಯ ಶಿಕ್ಷಕಿ ಹಿಂದಿನ ಸೀಟಿನಲ್ಲಿರುವಾಗಲೇ ಹಾಗೆ ಕೂಗಾಡಿದ್ದೆ. ಅವಳು ಕಾರನ್ನು ಬದಿಗೆ ನಿಲ್ಲಿಸಿ ಇಳಿದಳು, ಸುತ್ತಿ ಬಂದು ನನ್ನ ಸೀಟಿನ ಬಾಗಿಲು ತೆರೆದಳು. ಮರುದಿನದಿಂದ ಬಸ್ಸು ಹಿಡಿದಳು, ಸ್ಟೇರಿಂಗ್ ಮುಟ್ಟಲಿಲ್ಲ.

ಗಾಲಿ ಸರಿಮಾಡಿಸಿ, ಹೊಸ ಟೈರ್ ಹಾಕಿಸಿ, ಆಫೀಸಿನ ಕೆಲಸ ಬಿಟ್ಟು ಜಲನಗರದ ಮನೆಗೆ ಬಂದವನಿಗೆ ಒಂದು ಕಡೆ ಕಾಲು ನಿಲ್ಲಲಿಲ್ಲ. ಮಾಡಿಕೊಂಡ ಚಹಾ ಆರಿಹೋಯಿತು. ಬಾಗಿಲಿಗೂ ಗೇಟಿಗೂ ತಿರುಗಾಡಿದೆ. ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು, ಎರಡೂ ನನ್ನ ಮೇಲೆಯೇ. ಅವಳು ಒಳಗೆ ಕಾಲಿಡುತ್ತಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ನೀ ಹೇಳಿದ್ದು ಖರೇ ಇತ್ತು. ತಪ್ಪು ನಂದು. ನಾಳಿಂದ ನೀನ ಹೊಡಿ" ಎಂದು ಚಾವಿ ಚಾಚಿದೆ.

ಅವಳು ಚಾವಿಯನ್ನು ನೋಡಿದಳು. ಹೆಗಲಿನ ಬ್ಯಾಗು ಇಳಿಸಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಬ್ಯಾಡ್ರಿ. ಬಸ್ಸಿನ್ಯಾಗ ನನಗ ಯಾರೂ ಬೈಯಂಗಿಲ್ಲ."