ನಳದ ಸಾಲಿನಲ್ಲಿ ಹೆಸರು ಕೂಗುವ ಹಾಲವ್ವ

ಬೆಳಗಿನ ಐದು ಗಂಟೆ. ಧಾರಾವಿಯ ಚಾಳಿನಲ್ಲಿ ನಳಕ್ಕೆ ನೀರು ಬಂದಿದೆ. ಕೊಡಗಳ ಸಾಲಿನ ತುದಿಯಲ್ಲಿ ನಿಂತ ಹಾಲವ್ವ ಗಟ್ಟಿಯಾಗಿ ‘ಪಿಂಕಿ’ ಎಂದು ಕೂಗುತ್ತಾಳೆ. ತಾಯಂದಿರ ಸೆರಗು ಹಿಡಿದ ಐದು ಪುಟಾಣಿಗಳು ತಿರುಗುತ್ತವೆ, ದೊಡ್ಡವರು ಒಬ್ಬರೂ ಇಲ್ಲ. ‘ಕಮಲಾ’ ಎಂದರೆ ಒಬ್ಬ ಮುದುಕಿ, ಅವಳ ಹಿಂದಿನ ಗೃಹಿಣಿ, ಶಾಲೆಗೆ ಹೋಗುವ ಹುಡುಗಿ ತಿರುಗುತ್ತಾರೆ, ಪುಟಾಣಿ ಒಂದೂ ಇಲ್ಲ.

“ಪಿಂಕಿ ಈಗಿನ ಹವಾ ರೀ. ಕಮಲಾ ಅಜ್ಜಿ ಕಾಲದಿಂದ ನಡದೈತಿ, ಮುಂದೂ ನಡೀತೈತಿ.” ಸಂಜೆ ತೊಟ್ಟಿಲಿಗೇರುವ ಕೂಸಿನ ಹೆಸರಿನ ತೀರ್ಪು ಮುಗಿಯಿತು.

ಸಿಂದಗಿ ಕಡೆಯ ಹಾಲವ್ವ ಗಲ್ಲಿಯ ದವಾಖಾನೆಯಲ್ಲಿ ಆಯಾ. ದಿನಕ್ಕೆ ಐವತ್ತು ಮಕ್ಕಳ ಹೆಸರು ಕೂಗಿ ಔಷಧಿ ಕೊಡುವುದು ಅವಳ ಕೆಲಸ. ನಾಮಕರಣಕ್ಕೆ ಊರಿನಿಂದ ನಾದಿನಿಯನ್ನು ಕರೆಸಲಾಗದವರ ಮನೆಯಲ್ಲಿ ಅವಳೇ ಸೋದರತ್ತೆ. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅಂಥ ಗುದ್ದುಗಳನ್ನು ಅರವತ್ತೆರಡು ತೊಟ್ಟಿಲುಗಳ ಮುಂದೆ ತಿಂದಿದ್ದಾಳೆ.

ಎಪ್ಪತ್ತೊಂದನೆಯ ಇಸವಿಯಲ್ಲಿ ಎಲ್ಲರಿಗೂ ಸೀಮಾ ಎಂಬ ಹೆಸರೇ ಬೇಕಾಗಿತ್ತು. ಹನ್ನೊಂದು ಕಿವಿಗಳಲ್ಲಿ ಅವಳೇ ಸೀಮಾ ಎಂದಳು. ಮರುವರ್ಷ ದವಾಖಾನೆಯಲ್ಲಿ ಅದೇ ಹೆಸರು ಕೂಗಿ, ಮುಖ ನೋಡದೆ, ಬೇರೊಬ್ಬ ಸೀಮಾಳ ಔಷಧಿಯನ್ನು, ಆ ಹನ್ನೊಂದರಲ್ಲಿ ಒಬ್ಬಳ ತಾಯಿಯಾದ ಸೇವಂತಿಯ ಕೈಗಿತ್ತಳು. ಸೇವಂತಿಯ ಮಗಳು ಎರಡು ದಿನ ಕಣ್ಣು ತೆರೆಯಲಿಲ್ಲ. ಕೂಸು ಉಳಿಯಿತು, ಆದರೆ ಹಾಲವ್ವನ ನೆಮ್ಮದಿ ಹೋಯಿತು. ನಳದ ಪರೀಕ್ಷೆ ಶುರುವಾದದ್ದು ಅಂದಿನಿಂದ.

ಈಗ ಸೇವಂತಿಗೆ ಎರಡನೆಯ ಮಗಳು. ಹೋದ ವಾರ ಆಕೆಯೇ ಹಾಲವ್ವನ ಬಾಗಿಲಿಗೆ ಬಂದಿದ್ದಳು.

“ಅಕ್ಕಾ, ಇದರ ಕಿವ್ಯಾಗೂ ನೀನ ಹೆಸರು ಹೇಳಬೇಕು. ಆಗಿನ ತಪ್ಪು ನಾ ಮರತಿಲ್ಲ. ಆ ಎರಡು ದಿನಾ ನೀ ನನ್ನ ಹೊಸ್ತಿಲಾ ಬಿಟ್ಟು ಏಳಲಿಲ್ಲ, ಅದನ್ನೂ ಮರತಿಲ್ಲ.”

ಹಾಲವ್ವ ಅತ್ತದ್ದು ಆಗಲೇ. ಇಂದಿಗೂ ಆ ಮಾತು ನೆನೆದು ಕೈ ಮುಗಿಯುತ್ತಾಳೆ.

ಸೇವಂತಿಯ ಗಂಡ ಧರ್ಮಣ್ಣನಿಗೆ ಪಿಂಕಿ ಎಂಬ ಹೆಸರಿನ ಹುಚ್ಚು. ಇಂದು ಬೆಳಿಗ್ಗೆ ಬಕೆಟ್ ಹಿಡಿದು ತಾನೇ ಸಾಲಿನಲ್ಲಿ ನಿಂತವನು, ಐದು ಪಿಂಕಿಗಳನ್ನು ಎಣಿಸಿದ ಮೇಲೆ ಹಠ ಬಿಟ್ಟ. ಸಂಜೆ ತೊಟ್ಟಿಲ ಮುಂದೆ ಹಾಲವ್ವ ಮೆಲ್ಲಗೆ ‘ಕಮಲಾ’ ಎನ್ನುತ್ತಾಳೆ. ಮೊದಲ ಗುದ್ದು ಸೇವಂತಿಯದು.

ಹೆಸರಿಟ್ಟದ್ದಕ್ಕೆ ನಿನಗೇನು ಬೇಕು ಎಂದು ಹೆಂಗಸರು ಕೇಳಿದರೆ ಹಾಲವ್ವ ಬೆನ್ನು ನೀವಿಕೊಳ್ಳುತ್ತಾಳೆ. “ಕೂಸಿಗೆ ಮೂರು ತಿಂಗಳಾದಾಗ ಇಂಜೆಕ್ಷನ್‌ಗೆ ಬರ್ತಾರ. ನಾ ಕಮಲಾ ಅಂತ ಕರದಾಗ ಸೇವಂತಿ ಒಬ್ಬಾಕೀನ ಎದ್ದು ಬರಬೇಕ್ರೀ. ಆದ್ರೂ ಈ ಸಲ ಮುಖಾ ನೋಡೇ ಕೊಡ್ತೀನಿ.”